ಟೈಮ್‌ಶೇರ್ ಕರಾರು: ಸಹಿಗೆ ಮುಂಚೆ ಏನು ನೋಡಬೇಕು, ಸಹಿ ಆದ ಮೇಲೆ ಏನು ಮಾಡಬಹುದು

ಟೈಮ್‌ಶೇರ್ ಅಂದರೆ ರಿಸಾರ್ಟಿನಲ್ಲಿ ವರ್ಷಕ್ಕೆ ಇಷ್ಟು ದಿನ ಅಂತ ಉಳಿಯುವ ಹಕ್ಕನ್ನು ಹಲವು ವರ್ಷಕ್ಕೆ ಕೊಳ್ಳುವುದು. ಅದನ್ನು ಮಾರುವವರ ಟೇಬಲ್ ಮುಂದೆ ನಾನೂ ಒಮ್ಮೆ ಕೂತಿದ್ದೇನೆ. ತೊಂಬತ್ತು ನಿಮಿಷದ ಮಾತು ಅಂದಿದ್ದರು. ಎದ್ದು ಬರುವಾಗ ನಾಲ್ಕು ತಾಸು ಕಳೆದಿತ್ತು. ಎದುರಿಗಿದ್ದ ಹುಡುಗ ಮಾತಿನಲ್ಲಿ ಬಲು ಚುರುಕು. ದೊಡ್ಡ ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಲೆಕ್ಕ ಬರೆದ. ನಮಗೆ ಓದಲು ಸುಲಭ ಆಗಲಿ ಅಂತ ಅಂಕಿಗಳನ್ನು ತನ್ನ ಕಡೆಯಿಂದ ತಲೆಕೆಳಗಾಗಿಯೇ ಬರೆಯುತ್ತಿದ್ದ! 'ಯಾವ ತಿಂಗಳು ಬೇಕಾದರೂ ಹೋಗಿ', 'ಬೇಡ ಅನಿಸಿದರೆ ನಾವೇ ವಾಪಸ್ ತಗೋತೀವಿ' ಅಂತ ಬರೆದು ಎರಡಕ್ಕೂ ಸುತ್ತು ಹಾಕಿದ. ಕೊನೆಗೆ ನಾನು ಆ ಹಾಳೆ ಕೊಡಿ ಅಂದೆ. "ಅದು ಆಫೀಸಿಗೆ ಸೇರಿದ್ದು ಸಾರ್, ಕೊಡೋ ಹಾಗಿಲ್ಲ" ಅಂದ. ಸಹಿ ಹಾಕದೆ ಎದ್ದು ಬರಲು ನನಗೆ ಅಷ್ಟು ಸಾಕಾಯಿತು.

ಟೈಮ್‌ಶೇರ್‌ನ ಮುಕ್ಕಾಲು ಪಾಲು ತಕರಾರು ಈ ಹಾಳೆಯಿಂದಲೇ ಶುರುವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಾರಾಟ ನಡೆಯುವುದು ಬಾಯಿಮಾತಿನಲ್ಲಿ. ಜಗಳ ಬಂದಾಗ ಲೆಕ್ಕಕ್ಕೆ ಬರುವುದು ಕರಾರಿನ ಕಾಗದ ಮಾತ್ರ. ಎರಡರಲ್ಲೂ ಒಂದೇ ವಿಷಯ ಇದೆ ಅಂತ ನಾವು ನಂಬಿಬಿಡುತ್ತೇವೆ. ಇದ್ದರೆ ಹಾಳೆ ಕೊಡಲು ಅವರಿಗೇನು ಕಷ್ಟ, ಅಲ್ವಾ?

ಈಗಾಗಲೇ ಸಹಿ ಹಾಕಿ ಬಂದಿದ್ದರೆ, ಅದೂ ಹೋದ ಒಂದೆರಡು ವಾರದಲ್ಲಿ ಆಗಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಮೊದಲು ನೇರವಾಗಿ 4ನೇ ಹೆಜ್ಜೆಗೆ ಹೋಗಿ. ಅಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ.

ಹೆಜ್ಜೆ 1: ಕೊಳ್ಳುತ್ತಿರುವುದು ಏನು ಅಂತ ತಿಳಿದುಕೊಳ್ಳಿ

ಟೈಮ್‌ಶೇರ್ ಅಂತ ಒಂದೇ ಹೆಸರಿದ್ದರೂ ಒಳಗೆ ಬೇರೆ ಬೇರೆ ಸರಕು ಇರುತ್ತದೆ. ಒಂದು, ಆಸ್ತಿಯ ಪಾಲು: ರಿಸಾರ್ಟಿನ ಒಂದು ಘಟಕದಲ್ಲಿ ವರ್ಷಕ್ಕೊಂದು ವಾರದ ಪಾಲು ನಿಮ್ಮ ಹೆಸರಿಗೆ ನೋಂದಣಿ ಆಗುತ್ತದೆ. ಇನ್ನೊಂದು, ಬಳಸುವ ಹಕ್ಕು: ಆಸ್ತಿ ಕಂಪನಿಯದ್ದೇ, ನಿಮಗೆ ಇಷ್ಟು ವರ್ಷ ಉಳಿಯುವ ಹಕ್ಕು ಮಾತ್ರ. ಮೂರನೆಯದು ಪಾಯಿಂಟ್‌: ಪ್ರತಿ ವರ್ಷ ಇಷ್ಟು ಪಾಯಿಂಟ್ ಕೊಡುತ್ತಾರೆ, ಅದರಲ್ಲಿ ರೂಮ್ ಬುಕ್ ಮಾಡಿಕೊಳ್ಳಬೇಕು.

ವಾರದ ಲೆಕ್ಕದಲ್ಲೂ ಎರಡು ಬಗೆ. ಫಿಕ್ಸೆಡ್ ವೀಕ್ ಅಂದರೆ ಪ್ರತಿ ವರ್ಷ ಅದೇ ವಾರ. ಫ್ಲೋಟಿಂಗ್ ಅಂದರೆ ಒಂದು ಸೀಸನ್ನಿನೊಳಗೆ ಖಾಲಿ ಇದ್ದರೆ ಯಾವುದಾದರೂ ವಾರ. 'ಖಾಲಿ ಇದ್ದರೆ' ಅನ್ನುವ ಎರಡು ಪದ ಮಾರುವವರ ಬಾಯಲ್ಲಿ ಬರುವುದಿಲ್ಲ. ಕಾಗದದಲ್ಲಿ ಮಾತ್ರ ಇದ್ದೇ ಇರುತ್ತವೆ.

ಪಾಯಿಂಟ್ ಪದ್ಧತಿ ಬಗ್ಗೆ ಒಂದು ಎಚ್ಚರಿಕೆ. ಈ ವರ್ಷ ಒಂದು ವಾರಕ್ಕೆ ಬೇಕಾಗುವ ಪಾಯಿಂಟ್ ಹತ್ತು ವರ್ಷದ ನಂತರವೂ ಅಷ್ಟೇ ಇರುತ್ತದೆ ಅಂತ ಎಲ್ಲಿ ಬರೆದಿದೆ? ಹುಡುಕಿ. 'ಪಟ್ಟಿಯನ್ನು ಕಂಪನಿ ಕಾಲಕಾಲಕ್ಕೆ ಬದಲಿಸಬಹುದು' ಅಂತ ಇದ್ದರೆ, ಮುಂದೆ ಅದೇ ರೂಮಿಗೆ ಜಾಸ್ತಿ ಪಾಯಿಂಟ್ ಬೇಕಾಗುತ್ತದೆ. ಆಗ 'ಅಪ್‌ಗ್ರೇಡ್ ಮಾಡಿಕೊಳ್ಳಿ' ಅಂತ ಮತ್ತೊಂದು ಟೇಬಲ್ ಮುಂದೆ ಕೂರಿಸುತ್ತಾರೆ.

ಬೇರೆ ಊರಿನ ರಿಸಾರ್ಟಿಗೆ ಬದಲಾಯಿಸಿಕೊಳ್ಳುವ ಸೌಲಭ್ಯ ಬಹಳ ಸಲ ಮಾರಿದ ಕಂಪನಿಯದ್ದಲ್ಲ. 1974ರಲ್ಲಿ ಶುರುವಾದ ಆರ್‌ಸಿಐ, 1976ರ ಇಂಟರ್‌ವಲ್ ಇಂಟರ್‌ನ್ಯಾಷನಲ್‌ನಂಥ ವಿನಿಮಯ ಕಂಪನಿಗಳದ್ದು. ಅದಕ್ಕೆ ಬೇರೆ ಕರಾರು, ಬೇರೆ ಸದಸ್ಯತ್ವ ಶುಲ್ಕ, ಪ್ರತಿ ಬದಲಾವಣೆಗೆ ಮತ್ತೊಂದು ಶುಲ್ಕ. 'ಜಗತ್ತಿನಲ್ಲಿ ಎಲ್ಲಿ ಬೇಕಾದರೂ' ಅನ್ನುವ ಮಾತಿನ ಹಿಂದೆ ಇರುವುದು ಇಷ್ಟು.

ಹೆಜ್ಜೆ 2: ಅವತ್ತೇ ಸಹಿ ಬೇಡ, ಕಾಗದ ಮನೆಗೆ ತನ್ನಿ

'ಈ ರೇಟು ಇವತ್ತು ಮಾತ್ರ' ಅನ್ನುತ್ತಾರೆ. ನಾಳೆ ಹೋದರೂ ಕೊಡುತ್ತಾರೆ, ಚಿಂತೆ ಬೇಡ. ಕೊಡದಿದ್ದರೂ ನಷ್ಟವಿಲ್ಲ. ವರ್ಷಗಟ್ಟಲೆ ದುಡ್ಡು ಕಟ್ಟಬೇಕಾದ ಕರಾರನ್ನು ಒಂದು ರಾತ್ರಿ ಮನೆಗೆ ಕೊಡಲು ಒಪ್ಪದವರ ಜೊತೆ ವ್ಯವಹಾರ ಯಾಕೆ?

ಕೇಳಿ ಪಡೆಯಬೇಕಾದ ಕಾಗದ ಇವು: ಖರೀದಿ ಕರಾರು, ರಿಸಾರ್ಟಿನ ನಿಯಮಾವಳಿ, ಯೋಜನೆಯ ವಿವರ ಪತ್ರ, ಸಾಲ ಇದ್ದರೆ ಸಾಲದ ಕರಾರು, ವಿನಿಮಯ ಕಂಪನಿಯ ಷರತ್ತು, ಹಿಂದಿನ ಐದು ವರ್ಷದ ಮೇಂಟೆನೆನ್ಸ್ ಶುಲ್ಕದ ಪಟ್ಟಿ. ಕೊನೆಯದನ್ನು ಕೇಳಿದಾಗ ಅವರ ಮುಖ ನೋಡಿ. ಸುಮ್ನೆ ತೆಗೆದು ಕೊಟ್ಟರೆ ಒಳ್ಳೆಯ ಲಕ್ಷಣ.

ಭಾಷೆಯೂ ಮುಖ್ಯ. ಐರೋಪ್ಯ ಒಕ್ಕೂಟದ 2008ರ ಟೈಮ್‌ಶೇರ್ ನಿರ್ದೇಶನದ ಪ್ರಕಾರ, ಕರಾರು ಕೊಳ್ಳುವವರು ವಾಸಿಸುವ ದೇಶದ ಅಥವಾ ಅವರ ಪೌರತ್ವದ ದೇಶದ ಭಾಷೆಯಲ್ಲಿ ಇರಬೇಕು, ಆ ದೇಶ ಒಕ್ಕೂಟಕ್ಕೆ ಸೇರಿದ್ದರೆ. ಬೇರೆ ಕಡೆ ಅಂಥ ಹಕ್ಕು ಇರಲಿ, ಇಲ್ಲದಿರಲಿ, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಪಕ್ಕದಲ್ಲಿ ಕೂತು ಅನುವಾದ ಮಾಡಿ ಹೇಳುವವನು ಮಾರುವವನೇ ಆಗಿರುತ್ತಾನೆ.

ಹೆಜ್ಜೆ 3: ಕರಾರನ್ನು ಹಿಂದಿನಿಂದ ಓದಿ

ಮೊದಲ ಪುಟಗಳಲ್ಲಿ ಸಿಗುವುದು ನಿಮ್ಮ ಹೆಸರು, ರೂಮಿನ ಬಗೆ, ಬೆಲೆ. ಅವನ್ನೆಲ್ಲ ಆಗಲೇ ನೋಡಿರುತ್ತೀರಿ. ನಿಮ್ಮ ಕೈ ಕಟ್ಟುವ ಷರತ್ತುಗಳು ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಅದಕ್ಕೇ ನಾನು ಹಿಂದಿನಿಂದ ಓದುತ್ತೇನೆ.

ಮೊದಲು ಹುಡುಕಬೇಕಾದ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: 'ಈ ಕರಾರೇ ಪೂರ್ಣ ಒಪ್ಪಂದ. ಇದರಲ್ಲಿ ಇಲ್ಲದ ಯಾವ ಮೌಖಿಕ ಭರವಸೆಯನ್ನೂ ನಂಬಿ ನಾನು ಸಹಿ ಮಾಡಿಲ್ಲ.' ಒಬ್ಬ ಸ್ನೇಹಿತರು ನಾಲ್ಕು ವರ್ಷ ಕಂತು ಕಟ್ಟಿದ ಮೇಲೆ ತಮ್ಮ ಫೈಲು ತಂದು ನನ್ನ ಮುಂದೆ ಇಟ್ಟರು. 'ವಾಪಸ್ ತಗೋತೀವಿ ಅಂದಿದ್ರು' ಅನ್ನುವುದೇ ಅವರ ದೂರು. ಪುಟ ತಿರುಗಿಸಿದೆ. ಈ ಸಾಲಿನ ಪಕ್ಕದಲ್ಲೇ ಒಂದು ಪುಟ್ಟ ಚೌಕ. ಚೌಕದೊಳಗೆ ಅವರದೇ ಕಿರು ಸಹಿ, ನೀಲಿ ಇಂಕಿನಲ್ಲಿ. "ಇಲ್ಲಿ, ಇಲ್ಲಿ, ಇಲ್ಲಿ ಅಂತ ಬೆರಳು ತೋರಿಸ್ತಾ ಹೋದ್ರು, ನಾನು ಹಾಕ್ತಾ ಹೋದೆ" ಅಂದರು. ಮೂಗಿಗೆ ಸವರಿದ ತುಪ್ಪವೆಲ್ಲ ಆ ಒಂದು ಚೌಕದಲ್ಲಿ ಒರೆಸಿ ಹೋಗಿತ್ತು.

ಹಾಗಂತ ಈ ಸಾಲು ಇದ್ದರೆ ಎಲ್ಲಾ ಮುಗಿಯಿತು ಅಂತಲ್ಲ. ಮೋಸ ಮಾಡಿ ಸಹಿ ಹಾಕಿಸಿಕೊಂಡಿದ್ದನ್ನು ಸಾಬೀತು ಮಾಡಿದರೆ ಹಲವು ದೇಶಗಳ ಕೋರ್ಟು ಈ ಸಾಲನ್ನು ಬದಿಗಿಡುತ್ತದೆ. ಆದರೆ ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ. ಅದರ ಬದಲು, ಸಹಿಗೆ ಮುಂಚೆ ಅವರು ಹೇಳಿದ ಮುಖ್ಯ ಮಾತುಗಳನ್ನು ಒಂದೊಂದಾಗಿ ಬರೆದು, ಕರಾರಿಗೆ ಸೇರಿಸಿ ಸಹಿ ಮಾಡಿಕೊಡಿ ಅಂತ ಕೇಳಿ. 'ಅಷ್ಟೆಲ್ಲ ಬೇಕಾಗಿಲ್ಲ' ಅಂದರೆ, ಆ ಮಾತುಗಳೂ ಅಷ್ಟೇ ಅಂತ ತಿಳಿಯಿರಿ.

ಎರಡನೆಯದು ಮೇಂಟೆನೆನ್ಸ್ ಶುಲ್ಕ. ಖರೀದಿ ಬೆಲೆ ಒಂದು ಸಲದ್ದು. ಇದು ವರ್ಷ ವರ್ಷದ್ದು, ನೀವು ಹೋದರೂ ಹೋಗದಿದ್ದರೂ. ಏರಿಕೆಗೆ ಮಿತಿ ಇದೆಯಾ ನೋಡಿ. ಮಿತಿ ಇಲ್ಲದಿದ್ದರೆ ಒಂದು ಲೆಕ್ಕ ಹಾಕಿ. ಶುಲ್ಕ ಈಗ 100 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಶೇ. 8ರಂತೆ ಏರಿದರೆ ಒಂಬತ್ತು ವರ್ಷಕ್ಕೆ 200 ಆಗುತ್ತದೆ. ಇಪ್ಪತ್ತೈದು ವರ್ಷಕ್ಕೆ ಸುಮಾರು 685. ಶೇ. 5 ಅಂತ ಇಟ್ಟುಕೊಂಡರೂ ಇಪ್ಪತ್ತೈದು ವರ್ಷಕ್ಕೆ 339. ಅಷ್ಟೂ ವರ್ಷದ ಮೊತ್ತ ಕೂಡಿಸಿ, ಅದೇ ರಿಸಾರ್ಟಿನಲ್ಲಿ ರೂಮ್ ಬಾಡಿಗೆಗೆ ಹಿಡಿದರೆ ಎಷ್ಟಾಗುತ್ತಿತ್ತು ಅಂತ ಪಕ್ಕದಲ್ಲಿ ಬರೆಯಿರಿ. ಬಹಳ ಜನ ಈ ಹಂತದಲ್ಲೇ ಪೆನ್ನು ಕೆಳಗಿಡುತ್ತಾರೆ.

ಇದರ ಜೊತೆಗೇ 'ವಿಶೇಷ ವಂತಿಗೆ' ಅನ್ನುವ ಷರತ್ತು ಇರುತ್ತದೆ. ಚಾವಣಿ ಸೋರಿತು, ಬಿರುಗಾಳಿಗೆ ಕಟ್ಟಡ ಹಾಳಾಯಿತು ಅಂದರೆ ಎಲ್ಲಾ ಪಾಲುದಾರರ ಮೇಲೂ ಖರ್ಚು ಹಾಕುತ್ತಾರೆ. ಯಾರು ತೀರ್ಮಾನ ಮಾಡುತ್ತಾರೆ, ನಿಮಗೆ ಮತ ಇದೆಯಾ, ಇವೆರಡನ್ನು ನೋಡಿಕೊಳ್ಳಿ.

ಮೂರನೆಯದು ಅವಧಿ. ಎಷ್ಟು ವರ್ಷ? 'ಶಾಶ್ವತ' ಅಂತ ಇದ್ದರೆ ಹಿಗ್ಗಬೇಡಿ. ಶುಲ್ಕವೂ ಶಾಶ್ವತ, ಮುಂದೆ ಮಕ್ಕಳ ಹೆಸರಿಗೂ ಬರಬಹುದು. ಸ್ಪೇನ್ 1998ರ ಕಾನೂನಿನಲ್ಲಿ ಅವಧಿ ಮೂರರಿಂದ 50 ವರ್ಷದೊಳಗೆ ಇರಬೇಕು ಅಂತ ಮಾಡಿತು. ಆದರೂ ಅವಧಿ ಮಿತಿ ಇಲ್ಲದ ಕರಾರುಗಳ ಮಾರಾಟ ನಡೆದೇ ಇತ್ತು. ಕೊನೆಗೆ 2015ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಥದ್ದೊಂದು ಕರಾರನ್ನು ಅಸಿಂಧು ಅಂದಿತು. ಹಳೇ ಕರಾರು ಇಟ್ಟುಕೊಂಡಿದ್ದ ಎಷ್ಟೋ ಜನರಿಗೆ ಅದರಿಂದ ದಾರಿ ತೆರೆಯಿತು. ಮುಗಿಯುವ ದಿನಾಂಕ ಬರೆಯದೇ ಬಿಟ್ಟ ಒಂದು ಖಾಲಿ ಜಾಗ ಎಷ್ಟು ದೊಡ್ಡದಾಗಬಹುದು ನೋಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬುಕಿಂಗ್ ಎಷ್ಟು ತಿಂಗಳು ಮುಂಚೆ ತೆರೆಯುತ್ತದೆ, ರಜೆ ದಿನಗಳಿಗೆ ಬೇರೆ ನಿಯಮ ಇದೆಯಾ. ಉಪಯೋಗಿಸದ ವಾರ ಮುಂದಿನ ವರ್ಷಕ್ಕೆ ಹೋಗುತ್ತದಾ, ಕಳೆದು ಹೋಗುತ್ತದಾ. ಮಾರಬೇಕಾದರೆ ಕಂಪನಿಯ ಒಪ್ಪಿಗೆ ಬೇಕಾ, ವರ್ಗಾವಣೆ ಶುಲ್ಕ ಎಷ್ಟು. ಕಂತು ತಪ್ಪಿದರೆ ಏನು ಕ್ರಮ. ತಕರಾರು ಬಂದರೆ ಯಾವ ಊರಿನ ಕೋರ್ಟು, ಅಥವಾ ಕೋರ್ಟೇ ಇಲ್ಲದೆ ಮಧ್ಯಸ್ಥರ ಪಂಚಾಯ್ತಿಕೆಯಲ್ಲೇ (ಆರ್ಬಿಟ್ರೇಷನ್) ಮುಗಿಸಬೇಕಾ. ಕೊನೆಯದನ್ನು ಯಾರೂ ಓದುವುದಿಲ್ಲ. ಸಾವಿರ ಮೈಲಿ ದೂರದ ಕೋರ್ಟಿಗೆ ಅಲೆಯುವ ಖರ್ಚು ನೆನೆದೇ ಜನ ಕೈಚೆಲ್ಲುತ್ತಾರೆ.

'ಇದು ಒಳ್ಳೆ ಇನ್ವೆಸ್ಟ್‌ಮೆಂಟ್' ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ. ಐರೋಪ್ಯ ನಿರ್ದೇಶನವು ಟೈಮ್‌ಶೇರನ್ನು ಹೂಡಿಕೆ ಅಂತ ಮಾರುವುದನ್ನೇ ನಿಷೇಧಿಸಿದೆ. ಮರುಮಾರಾಟದಲ್ಲಿ ಕೊಟ್ಟ ಬೆಲೆಯ ಸಣ್ಣ ಭಾಗ ಸಿಕ್ಕರೆ ಪುಣ್ಯ. ಪುಕ್ಕಟೆ ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವವರು ಸಿಗದ ವಾರಗಳೂ ಇವೆ.

ಹೆಜ್ಜೆ 4: ಸಹಿ ಆಗಿದ್ದರೆ ಮೊದಲು ದಿನ ಎಣಿಸಿ

ಸಹಿ ಹಾಕಿದ ಮೇಲೂ ಕಾರಣ ಹೇಳದೆ ರದ್ದು ಮಾಡಲು ಹಲವು ಕಡೆ ಕೆಲವು ದಿನ ಕೊಟ್ಟಿರುತ್ತಾರೆ. ಇದಕ್ಕೆ ಕೂಲಿಂಗ್ ಆಫ್ ಅವಧಿ ಅನ್ನುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 14 ದಿನ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ: ಫ್ಲೋರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7, ನೆವಾಡಾದಲ್ಲಿ 5. ಮೆಕ್ಸಿಕೋದಲ್ಲಿ 5 ಕೆಲಸದ ದಿನ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಕೇಂದ್ರದ ಪ್ರತ್ಯೇಕ ಕಾನೂನಿಲ್ಲ, ಆದ್ದರಿಂದ ಕರಾರಿನಲ್ಲಿ ಎಷ್ಟು ದಿನ ಬರೆದಿದೆ ಅನ್ನುವುದನ್ನೇ ಮೊದಲು ನೋಡಬೇಕು. ನೀವು ಯಾವ ಊರಿನವರು ಅನ್ನುವುದಕ್ಕಿಂತ ಕರಾರು ಯಾವ ಕಾನೂನಿಗೆ ಒಳಪಟ್ಟಿದೆ ಅನ್ನುವುದೇ ಸಾಮಾನ್ಯವಾಗಿ ಮುಖ್ಯ.

ಎಣಿಕೆ ಯಾವತ್ತಿಂದ ಶುರು ಅನ್ನುವುದನ್ನೂ ನೋಡಿ. ಫ್ಲೋರಿಡಾದಲ್ಲಿ ಸಹಿ ಹಾಕಿದ ದಿನ, ಕೊಡಲೇಬೇಕಾದ ಕೊನೆಯ ದಾಖಲೆ ಕೈಸೇರಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ. ಈ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ನಿಮ್ಮಿಂದ ಬರೆಸಿಕೊಂಡರೂ ಅದಕ್ಕೆ ಬೆಲೆ ಇಲ್ಲ. ಐರೋಪ್ಯ ನಿಯಮದಲ್ಲಿ, ಮಾರುವವರು ರದ್ದತಿಯ ನಮೂನೆಯನ್ನೇ ಭರ್ತಿ ಮಾಡಿ ಕೊಡದಿದ್ದರೆ ಅವಧಿ ಒಂದು ವರ್ಷ 14 ದಿನದವರೆಗೂ ಬೆಳೆಯುತ್ತದೆ. ಅಂದರೆ ಅವರು ಕೊಡದೇ ಬಿಟ್ಟ ಕಾಗದ ನಿಮ್ಮ ಪಾಲಿಗೆ ಆಸ್ತಿ. ಯಾವ ಕಾಗದ ಬಂದಿಲ್ಲ ಅಂತ ಪಟ್ಟಿ ಮಾಡಿ.

ಐರೋಪ್ಯ ಒಕ್ಕೂಟದಲ್ಲಿ ಇನ್ನೊಂದು ನಿಯಮವೂ ಇದೆ: ಈ ದಿನಗಳು ಮುಗಿಯುವ ತನಕ ಮಾರುವವರು ಮುಂಗಡವಾಗಿ ಒಂದು ಪೈಸೆಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಮುಖ್ಯ ಕರಾರು ರದ್ದಾದರೆ ಅದಕ್ಕೆ ಅಂಟಿದ ಸಾಲ, ವಿನಿಮಯ ಸದಸ್ಯತ್ವ ಕೂಡ ತಾವಾಗಿಯೇ ರದ್ದು.

ಈಗ ಪತ್ರ. ಫೋನು ಮಾಡಬೇಡಿ. ಮಾಡಿದರೆ 'ನಮ್ಮ ಮ್ಯಾನೇಜರ್ ಸೋಮವಾರ ಮಾತಾಡ್ತಾರೆ' ಅನ್ನುತ್ತಾರೆ. ಸೋಮವಾರದ ಹೊತ್ತಿಗೆ ಗಡುವು ಮುಗಿದಿರುತ್ತದೆ. ಪತ್ರ ಚಿಕ್ಕದಾಗಿರಲಿ:

"ಕರಾರು ಸಂಖ್ಯೆ ಇಂಥದ್ದು, ಸಹಿ ಮಾಡಿದ ದಿನಾಂಕ ಇಂಥದ್ದು. ಈ ಕರಾರನ್ನು ನಾನು ಈ ಪತ್ರದ ಮೂಲಕ ರದ್ದು ಮಾಡಿದ್ದೇನೆ. ಇದಕ್ಕೆ ಸೇರಿದ ಸಾಲ ಮತ್ತು ವಿನಿಮಯ ಸದಸ್ಯತ್ವವೂ ರದ್ದು. ನಾನು ಕಟ್ಟಿದ ಪೂರ್ತಿ ಹಣವನ್ನು ವಾಪಸ್ ಮಾಡಿ, ಲಿಖಿತವಾಗಿ ಖಚಿತಪಡಿಸಿ."

'ರದ್ದು ಮಾಡಲು ಬಯಸುತ್ತೇನೆ', 'ದಯವಿಟ್ಟು ಪರಿಶೀಲಿಸಿ' ಅಂತ ಬರೆಯಬೇಡಿ. ಅದು ಅರ್ಜಿ ಆಗುತ್ತದೆ, ಚೌಕಾಸಿಗೆ ದಾರಿ ಆಗುತ್ತದೆ. ಕಾರಣ ಬರೆಯುವುದೂ ಬೇಡ. ಕರಾರಿನಲ್ಲಿ ಇಬ್ಬರ ಸಹಿ ಇದ್ದರೆ ಪತ್ರಕ್ಕೂ ಇಬ್ಬರೂ ಸಹಿ ಹಾಕಿ. ಕರಾರಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ವಿಧಾನದಲ್ಲೇ, ತಲುಪಿದ್ದಕ್ಕೆ ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ. ಇಮೇಲ್ ಕೂಡ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಅಂಚೆ ರಸೀದಿಯ ಫೋಟೋ ಆವತ್ತೇ ತೆಗೆದಿಡಿ, ಆ ಇಂಕು ಬೇಗ ಮಾಸುತ್ತದೆ. ಹೋಗುವಾಗ ಕೊಟ್ಟಿದ್ದ ಉಡುಗೊರೆ, ಟ್ಯಾಬ್ಲೆಟ್, ವೋಚರ್ ಇದ್ದರೆ ಮುಟ್ಟದೆ ಇಡಿ.

ಹೆಜ್ಜೆ 5: ಗಡುವು ಮುಗಿದಿದ್ದರೆ

ಇಲ್ಲಿಂದ ದಾರಿ ನಿಧಾನ. ಮೊದಲು ಕಂಪನಿಗೇ ಬರೆದು ಕೇಳಿ: ವಾಪಸ್ ಪಡೆಯುವ ಯೋಜನೆ ಇದೆಯಾ? ಸಾಲ ತೀರಿದ್ದು, ಮೇಂಟೆನೆನ್ಸ್ ಬಾಕಿ ಇಲ್ಲದಿದ್ದರೆ ಕೆಲವು ದೊಡ್ಡ ಕಂಪನಿಗಳು ಪಾಲನ್ನು ವಾಪಸ್ ತೆಗೆದುಕೊಳ್ಳುತ್ತವೆ. ಹಣ ಬರುವುದಿಲ್ಲ, ಆದರೆ ಹೊರೆ ಇಳಿಯುತ್ತದೆ. ನನ್ನ ಮಟ್ಟಿಗೆ ಅದು ಒಳ್ಳೆಯ ವ್ಯವಹಾರವೇ.

ಸುಳ್ಳು ಹೇಳಿ ಮಾರಿದ್ದರೆ ದೂರು ಕೊಡಿ. ಅದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿಕೊಳ್ಳಿ. ಎಡಗಡೆ ಅವರು ಹೇಳಿದ್ದು, ಬಲಗಡೆ ಕಾಗದದಲ್ಲಿ ಇರುವುದು, ಪುಟ ಸಂಖ್ಯೆ ಸಹಿತ. ಪಕ್ಕದಲ್ಲಿ ಪುರಾವೆ: ಬ್ರೋಷರ್, ವಾಟ್ಸಾಪ್ ಮೆಸೇಜ್, ಬುಕಿಂಗ್ ಕೇಳಿ 'ಖಾಲಿ ಇಲ್ಲ' ಅನಿಸಿಕೊಂಡ ದಿನಾಂಕಗಳು, ಅವತ್ತು ಜೊತೆಯಲ್ಲಿ ಕೂತಿದ್ದವರ ಹೆಸರು. 'ನಮಗೆ ಮೋಸ ಆಗಿದೆ' ಅನ್ನುವ ಹತ್ತು ಪುಟದ ಪತ್ರಕ್ಕಿಂತ ಈ ಒಂದು ಹಾಳೆಗೆ ತೂಕ ಜಾಸ್ತಿ.

ಎಲ್ಲಿಗೆ ಕೊಡಬೇಕು ಅನ್ನುವುದು ದೇಶದ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಮತ್ತು ಫೆಡರಲ್ ಟ್ರೇಡ್ ಕಮಿಷನ್. ಮೆಕ್ಸಿಕೋದಲ್ಲಿ ಪ್ರೊಫೆಕೊ ಅನ್ನುವ ಗ್ರಾಹಕ ಸಂಸ್ಥೆ. ಭಾರತದಲ್ಲಿ ಮೊದಲು 1915 ಸಹಾಯವಾಣಿ, ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ಆಯೋಗ. ಈ ಕಾಯ್ದೆಯಲ್ಲಿ ನೀವು ವಾಸ ಇರುವ ಜಾಗದಲ್ಲೇ ದೂರು ಹಾಕಬಹುದು, ಆದರೆ ಎರಡು ವರ್ಷದೊಳಗೆ ಹಾಕಬೇಕು.

ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ಬರೆಯಿರಿ. ಗಡುವಿನೊಳಗೆ ರದ್ದು ಮಾಡಿದ್ದೂ ಹಣ ಬಂದಿಲ್ಲ ಅನ್ನುವುದು ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕ ಹಣ ವಾಪಸ್) ಕೇಳಲು ಗಟ್ಟಿ ಕಾರಣ, ಆದರೆ ಅದಕ್ಕೂ ಬೇರೆ ಗಡುವು ಇದೆ. ಬ್ರಿಟನ್‌ನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಗೊತ್ತುಪಡಿಸಿದ ಮೊತ್ತದ ಮಿತಿಯೊಳಗೆ ಕ್ರೆಡಿಟ್ ಕಾರ್ಡ್ ಕೊಟ್ಟವರೂ ಮಾರಿದವರ ಜೊತೆ ಸಮಾನ ಹೊಣೆಗಾರರು.

'ಕಟ್ಟೋದನ್ನೇ ನಿಲ್ಲಿಸಿಬಿಡಿ' ಅಂತ ಸಲಹೆ ಕೊಡುವವರು ಬಹಳ. ವಕೀಲರನ್ನು ಕೇಳದೆ ಹಾಗೆ ಮಾಡಬೇಡಿ. ಬಡ್ಡಿ ಬೆಳೆಯುತ್ತದೆ, ವಸೂಲಿಯವರು ಬರುತ್ತಾರೆ, ಕ್ರೆಡಿಟ್ ಸ್ಕೋರ್ ಕೆಡುತ್ತದೆ. ನಿಮ್ಮದೇ ದೂರಿನ ಬಲವೂ ಕಮ್ಮಿ ಆಗುತ್ತದೆ.

ಹೆಜ್ಜೆ 6: 'ಬಿಡಿಸಿಕೊಡ್ತೀವಿ' ಅನ್ನುವವರಿಂದ ದೂರ ಇರಿ

ಟೈಮ್‌ಶೇರ್ ಇರುವವರ ಪಟ್ಟಿ ಮಾರುಕಟ್ಟೆಯಲ್ಲಿ ಓಡಾಡುತ್ತದೆ. ಒಂದು ದಿನ ಫೋನ್ ಬರುತ್ತದೆ: 'ನಿಮ್ಮ ವಾರಕ್ಕೆ ಗಿರಾಕಿ ರೆಡಿ ಇದ್ದಾರೆ, ಒಳ್ಳೆ ಬೆಲೆ. ತೆರಿಗೆ ಮತ್ತು ವರ್ಗಾವಣೆ ಶುಲ್ಕ ಮಾತ್ರ ಮೊದಲು ಕಟ್ಟಿ.' ಕಟ್ಟಿದ ಮೇಲೆ ಇನ್ನೊಂದು ಶುಲ್ಕ, ಆಮೇಲೆ ಮತ್ತೊಂದು. ಕೊನೆಗೆ ಕಳೆದ ಹಣ ವಾಪಸ್ ಕೊಡಿಸುತ್ತೇವೆ ಅಂತ 'ವಕೀಲರು' ಫೋನ್ ಮಾಡುತ್ತಾರೆ. ಬಹಳ ಸಲ ಅವರೂ ಅದೇ ಗುಂಪಿನವರು.

ಇದು ಚಿಲ್ಲರೆ ಕಳ್ಳರ ಕೆಲಸ ಮಾತ್ರ ಅಂದುಕೊಳ್ಳಬೇಡಿ. ಮೆಕ್ಸಿಕೋದ ಪೋರ್ಟೊ ವಯಾರ್ಟಾದಲ್ಲಿ ಹಲಿಸ್ಕೋ ಡ್ರಗ್ಸ್ ಕಾರ್ಟೆಲ್ ಇಂಥ ಟೈಮ್‌ಶೇರ್ ವಂಚನೆಯನ್ನೇ ದಂಧೆ ಮಾಡಿಕೊಂಡಿದೆ. ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ಇದಕ್ಕೆ ಸೇರಿದ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಅದೇ ಇಲಾಖೆಯ ಸಂಸ್ಥೆಗಳು ಮತ್ತು ಎಫ್‌ಬಿಐ 2024ರಲ್ಲಿ ಒಟ್ಟಾಗಿ ಎಚ್ಚರಿಕೆ ಕೊಟ್ಟವು.

ನನ್ನ ನಿಯಮ ಒಂದೇ: ಟೈಮ್‌ಶೇರ್ ವಿಷಯಕ್ಕೆ ತಾವಾಗಿ ಫೋನ್ ಮಾಡಿದವರಿಗೆ, ಕೆಲಸ ಆಗುವ ಮುಂಚೆ ದುಡ್ಡು ಕೇಳಿದವರಿಗೆ, ಒಂದು ಕಾಸೂ ಇಲ್ಲ.

ಹೆಜ್ಜೆ 7: ಮುಗಿದದ್ದಕ್ಕೂ ಕಾಗದ ಪಡೆಯಿರಿ

ರದ್ದಾಯಿತು, ವಾಪಸ್ ಕೊಟ್ಟಾಯಿತು ಅಂತ ಫೋನಿನಲ್ಲಿ ಹೇಳಿದರೆ ಸಾಲದು. ಮೂರು ಕಾಗದ ಬೇಕು: ಕರಾರು ಮುಗಿದಿದೆ ಅನ್ನುವ ಪತ್ರ, ಬಾಕಿ ಏನೂ ಇಲ್ಲ ಅನ್ನುವ ಪತ್ರ, ಆಸ್ತಿ ಪಾಲು ಆಗಿದ್ದರೆ ನೋಂದಣಿ ಕಚೇರಿಯಲ್ಲಿ ಹೆಸರು ಬದಲಾದ ದಾಖಲೆ. ಬ್ಯಾಂಕಿನಲ್ಲಿ ಆಟೋ ಡೆಬಿಟ್ ನಿಲ್ಲಿಸಿದ್ದನ್ನೂ ನೋಡಿಕೊಳ್ಳಿ.

ತೀರಿಹೋದವರ ಹೆಸರಲ್ಲಿ ಟೈಮ್‌ಶೇರ್ ಇದ್ದರೆ ವಾರಸುದಾರರು ಅದನ್ನು ಒಪ್ಪಿಕೊಳ್ಳಲೇಬೇಕು ಅಂತೇನಿಲ್ಲ. ಬೇಡ ಅಂತ ಲಿಖಿತವಾಗಿ ನಿರಾಕರಿಸಲು ಹಲವು ದೇಶಗಳ ಕಾನೂನಿನಲ್ಲಿ ಅವಕಾಶ ಇದೆ, ಗಡುವಿನೊಳಗೆ. ಆದರೆ ಅದಕ್ಕೆ ಮುಂಚೆ 'ಈ ವರ್ಷ ಒಂದ್ಸಲ ಹೋಗಿ ಬರೋಣ' ಅಂತ ಬುಕ್ ಮಾಡಬೇಡಿ, ಶುಲ್ಕವನ್ನೂ ಕಟ್ಟಬೇಡಿ. ಉಪಯೋಗಿಸಿದರೆ ಒಪ್ಪಿಕೊಂಡ ಹಾಗೆ ಲೆಕ್ಕ.

ಆ ನೀಲಿ ಇಂಕಿನ ಸ್ನೇಹಿತರಿಗೆ ಹಣ ವಾಪಸ್ ಬರಲಿಲ್ಲ. ಏಳು ತಿಂಗಳು ಪತ್ರ ಬರೆದ ಮೇಲೆ ಕಂಪನಿ ಪಾಲನ್ನು ವಾಪಸ್ ತೆಗೆದುಕೊಂಡಿತು. ಕೊನೆಯ ಪತ್ರ ಬಂದಾಗ ಅದರ ಜೊತೆ ಸಹಿ ಹಾಕಿ ಕಳಿಸಿ ಅಂತ ಇನ್ನೊಂದು ಹಾಳೆ ಇತ್ತು. ಅವರು ಫೋನ್ ಮಾಡಿ, ಆ ಹಾಳೆಯನ್ನು ಕೊನೆಯ ಸಾಲಿನಿಂದ ಮೇಲಕ್ಕೆ ನನಗೆ ಓದಿ ಹೇಳಿದರು. ಆಮೇಲೆ ಸಹಿ ಹಾಕಿದರು.